ಎರಡು ನೂಲು ಹೆಚ್ಚಾದ ಕತ್ತು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ನೂಲು ಮೇಸ್ತ್ರಿ. ಬಡಗಿಗಳ ಲೆಕ್ಕದಲ್ಲಿ ಒಂದು ಇಂಚಿಗೆ ಎಂಟು ನೂಲು. ಮೂವತ್ತೆಂಟು ವರ್ಷ ಬಾಗಿಲು, ಕಿಟಕಿ, ಕಪಾಟು ಮಾಡಿದ ಕೈಯಲ್ಲಿ ಒಂದೇ ಒಂದು ನೂಲಿನ ತಪ್ಪೂ ಬಂದಿಲ್ಲವೆಂದು ಜನ ಮೆಚ್ಚಿ ಕೊಟ್ಟ ಬಿರುದು ಅದು ಎಂದು ಅವನು ತಿಳಿದಿದ್ದ. ತಿಳಿದು ಒಳಗೊಳಗೇ ಬೀಗುತ್ತಿದ್ದ. ಬೀಗಲಿ ಬಿಡಿ, ಬೀಗುವುದಕ್ಕೆ ಅವನಿಗೆ ಬೇರೇನೂ ಇರಲಿಲ್ಲ. ಆಳು ನೋಡಿದರೆ ಸಣಕಲು, ಮಾತು ಒರಟು, ಹಾಡು ಕುಣಿತ ಅಂದರೆ ಮಾರು ದೂರ.

ಹದಿನೇಳನೇ ವಯಸ್ಸಿನಲ್ಲಿ ಅವನಿಗೆ ಕೆಲಸ ಕಲಿಸಿದ ಮುದುಕ ಬಡಗಿ ಬಾಯಿಗಿಂತ ಹೆಚ್ಚಾಗಿ ಅಡಿಕೋಲಿನಲ್ಲಿ ಮಾತಾಡುತ್ತಿದ್ದವನು. ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಏಟು. ಆ ಮುದುಕ ಹೇಳಿಕೊಟ್ಟ ಪಾಠ ಎರಡೇ ಎರಡು. ಕೂರಿಸುವ ತುಂಡು ಕೈಗೆ ಬರುವ ತನಕ ಗೂಡು ತೋಡಬೇಡ. ತೋಡಿದ ಮೇಲೆ ಸಂದಿಗೆ ಬೆಣೆ ಬಡಿದು ಮಾನ ಮುಚ್ಚಿಕೊಳ್ಳಬೇಡ. ಮೇಸ್ತ್ರಿ ಈ ಎರಡನ್ನೂ ವೇದವಾಕ್ಯದಂತೆ ಪಾಲಿಸಿದ. ಬೇರೆಯವರ ಕೆಲಸದಲ್ಲಿ ಎಲ್ಲಾದರೂ ಬೆಣೆ ಕಂಡರೆ ಸಾಕು, ‘ಬೆಣೆ ಬಡಗಿ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಉಗಿಯುತ್ತಿದ್ದ.

ಅಂಥವನ ಶೆಡ್ಡಿನಲ್ಲಿ, ಅವನದೇ ಬಾಗಿಲು, ಅವನೇ ಒರಗಿಸಿಟ್ಟ ಬಾಗಿಲು, ಒಂದು ಸೋಮವಾರ ಬೆಳಿಗ್ಗೆ ಜಾರಿ ಅವನ ತಂಗಿಯ ಬೇಸ್ ಗಿಟಾರಿನ ಮೇಲೆ ಬಿತ್ತು.

ತಂಗಿಗೆ ನಲವತ್ತೊಂಬತ್ತು ವರ್ಷ, ಆದರೂ ಅವನ ಬಾಯಲ್ಲಿ ಅವಳು ಪುಟ್ಟಿಯೇ. ಎರಡು ಓಣಿ ಆಚೆ ಅವಳ ಪುಟ್ಟ ಅಂಗಡಿ. ಹೊಸ ಬಟ್ಟೆ ಹೊಲಿಯುವುದಲ್ಲ, ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಸಡಿಲ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು. ವಾರದಲ್ಲಿ ಆರು ದಿನ ಹೀಗೆ. ಭಾನುವಾರ ಮಾತ್ರ ಮಧ್ಯಾಹ್ನ ಮೂರರಿಂದ ಆರರವರೆಗೆ ಅವಳು ಬೇರೆಯೇ ಹೆಂಗಸು. ಸ್ಟೇಷನ್ ಹತ್ತಿರದ ಹಳೇ ಹೋಟೆಲಿನ ಹಾಲ್‌ನಲ್ಲಿ ವಯಸ್ಸಾದ ಜೋಡಿಗಳು ಬಂದು ಕುಣಿಯುತ್ತಿದ್ದರು, ಅವರಿಗೆ ನುಡಿಸುವ ಬ್ಯಾಂಡಿನಲ್ಲಿ ಪುಟ್ಟಿ ಹತ್ತೊಂಬತ್ತು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದಳು. ನಾಲ್ಕು ದಪ್ಪ ತಂತಿ, ಉದ್ದ ಕತ್ತು, ಹೆಗಲಿಗೆ ಹಾಕಿದರೆ ಬೆನ್ನು ಬಾಗುವಷ್ಟು ಭಾರ. ಹಾಡಿನ ತಳದಲ್ಲಿ ಕೂತು ಗುಂಯ್ ಅನ್ನುವ ವಾದ್ಯ ಅದು. ಅಣ್ಣ ಒಂದು ಸಲವೂ ಕೇಳಲು ಹೋದವನಲ್ಲ. ಭಾನುವಾರ ಮಧ್ಯಾಹ್ನ ಅವನಿಗೆ ನಿದ್ದೆ.

ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ ಸಡಿಲವಾಗಿದೆ, ಒಂದು ಸ್ಕ್ರೂ ಬಿಗಿ ಮಾಡಿಕೊಡು ಎಂದು ಪುಟ್ಟಿ ಅದನ್ನು ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದಳು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಬರುವ ಮೊದಲೇ ಬಾಗಿಲು ಜಾರಿತು. ವಾದ್ಯದ ಮೈಗೆ ಗೀರೂ ಆಗಲಿಲ್ಲ, ಕತ್ತು ಮಾತ್ರ ನಡುವೆ ಮುರಿದು ಮೂರು ಸೀಳಾಯಿತು. ಅಂಟು ಹಾಕಿ ಕೂಡಿಸೋಣ ಅಂದರೆ ಒಳಗೆ ಕೂತಿದ್ದ ಕಬ್ಬಿಣದ ಸರಳೇ ಬಾಗಿಹೋಗಿತ್ತು. ಮೇಸ್ತ್ರಿ ಸೀಳುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿದ, ಬಿಟ್ಟ, ಮತ್ತೆ ಹೊಂದಿಸಿದ. ಆಮೇಲೆ ತಲೆ ಚಚ್ಚಿಕೊಂಡ.

ಪುಟ್ಟಿ ಬಂದು ನೋಡಿದಳು. ಮುಖ ಬಿಳಿಚಿಕೊಂಡಿತು, ಅಷ್ಟೇ.

“ಹೋಗ್ಲಿ ಬಿಡಣ್ಣ. ಬೇಕೂ ಅಂತ ಮಾಡಿದ್ಯಾ?”

ಅವಳು ನಾಲ್ಕು ಬೈದಿದ್ದರೆ ಅವನಿಗೆ ಅನ್ನ ಇಳಿಯುತ್ತಿತ್ತು. ಬೈಯಲಿಲ್ಲ. ಬ್ಯಾಂಡಿನ ಯಜಮಾನನಿಗೆ, ಸ್ಯಾಕ್ಸೊಫೋನ್ ಊದುವ ದಪ್ಪ ಆಸಾಮಿಗೆ, ಅಲ್ಲಿಂದಲೇ ಫೋನ್ ಮಾಡಿದಳು. ಫೋನಿನಲ್ಲಿ ಅವನು ಆಡಿದ ಮಾತು ಪಕ್ಕದಲ್ಲಿದ್ದ ಅಣ್ಣನಿಗೂ ಕೇಳಿಸಿತು.

“ನೋಡಮ್ಮ, ಭಾನುವಾರ ವಾದ್ಯ ಇದ್ರೆ ಬಾ. ಇಲ್ಲಾಂದ್ರೆ ಚಿಂತೆ ಇಲ್ಲ, ನಮ್ ಕೀಬೋರ್ಡ್‌ನೋನ ಎಡಗೈ ಖಾಲಿ ಇದೆ. ನಿಂದೂ ಅವನೇ ನುಡಿಸ್ಕೊಳ್ತಾನೆ.”

ಚಿಂತೆ ಇಲ್ಲವಂತೆ! ಕೀಬೋರ್ಡಿನವನ ಎಡಗೈ ಒಂದು ಭಾನುವಾರ ಆ ಜಾಗ ಹಿಡಿದರೆ ಮುಗಿಯಿತು, ಆಮೇಲೆ ಬಿಡುವುದಿಲ್ಲ. ಒಬ್ಬ ಎರಡು ಕೆಲಸ ಮಾಡುವಾಗ ಎರಡನೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಊರಿನಲ್ಲಿ ಅಂಥ ವಾದ್ಯ ಇದ್ದ ಇನ್ನಿಬ್ಬರಿಗೂ ಭಾನುವಾರವೇ ಕೆಲಸ, ಎರವಲು ಕೇಳುವ ಹಾಗೂ ಇಲ್ಲ. ಆರು ದಿನದಲ್ಲಿ ಈ ಮೈಗೆ ಬೇರೊಂದು ಕತ್ತು ಕೂರಿಸಬೇಕು, ಇಲ್ಲದಿದ್ದರೆ ಹತ್ತೊಂಬತ್ತು ವರ್ಷದ ಜಾಗ ಹೋಯಿತು. ಹೋದರೆ ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ.

ಮಂಗಳವಾರ ಪುಟ್ಟಿ ಹತ್ತು ಕಡೆ ಫೋನ್ ಮಾಡಿ ಕೊನೆಗೆ ಬೇರೆ ಊರಿನ ಹಳೇ ವಾದ್ಯದ ಅಂಗಡಿಯಲ್ಲಿ ಒಂದು ಕತ್ತು ಹುಡುಕಿದಳು. ಬೇರೆ ಕಂಪನಿಯ ವಾದ್ಯದ್ದು. ಅಂಗಡಿಯವನು ಅಗಲ ಅಳೆದು, “ನಿಮ್ಮದಕ್ಕಿಂತ ಒಂದು ಕೂದಲೆಳೆ ಹೆಚ್ಚಿರಬಹುದು, ಒತ್ತಿದ್ರೆ ಕೂರುತ್ತೆ” ಅಂದನಂತೆ. ಪಾರ್ಸೆಲ್ ಗುರುವಾರ ಬರುತ್ತದೆ. ಪುಟ್ಟಿ ಅಣ್ಣನಿಗೆ ಸುದ್ದಿ ಮುಟ್ಟಿಸಿದಳು. ದಿನವಿಡೀ ಸೂಜಿ ದಾರ ಹಿಡಿಯುವವಳ ಬಾಯಲ್ಲಿ ಕೂದಲೆಳೆ ದಾರವಾಯಿತು.

“ಅಗಲ ಎರಡು ನೂಲು ಹೆಚ್ಚಿದೆಯಂತೆ ಅಣ್ಣ, ಅಷ್ಟೇ.”

“ಎರಡು ನೂಲಾ? ಅದನ್ನ ಅಷ್ಟೇ ಅಂತೀಯಲ್ಲೇ!”

ಬಡಗಿಯ ಎರಡು ನೂಲು ಅಂದರೆ ಕಾಲು ಇಂಚು. ಕಾಲು ಇಂಚು ಹೆಚ್ಚಿರುವ ಕತ್ತು, ವಾದ್ಯದ ಮೈಯಲ್ಲಿ ಕತ್ತಿನ ಬುಡಕ್ಕೆಂದು ತೋಡಿರುವ ಗೂಡಿಗೆ ಏಳು ಜನ್ಮ ಕಳೆದರೂ ಕೂರುವುದಿಲ್ಲ. ಬುಧವಾರ ಬೆಳಿಗ್ಗೆಯೇ ಮೇಸ್ತ್ರಿ ವಾದ್ಯದ ಮೈಯನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿದು, ಗೆರೆ ಎಳೆದು, ಉಳಿ ಕೈಗೆತ್ತಿಕೊಂಡ. ಮುದುಕ ಬಡಗಿಯ ಮೊದಲ ಪಾಠ ನೆನಪಾಗಲಿಲ್ಲವೇ ಅಂದರೆ, ಆಯಿತು. ಆದರೆ ದಿನ ಇರುವುದು ನಾಲ್ಕು, ತಪ್ಪು ತನ್ನದು, ತಂಗಿ ಬೈದಿಲ್ಲ. ಕೈ ಸುಮ್ಮನಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ ಯಾರೋ. ಮೇಸ್ತ್ರಿ ಕರುವಿಗೆ ಹಗ್ಗವನ್ನೂ ಹೊಸೆದಿಟ್ಟ. ಎರಡೂ ಬದಿಗೆ ಒಂದೊಂದು ನೂಲು, ಮೂಲೆಮಟ್ಟ ಇಟ್ಟು ನೋಡಿದರೆ ಎಲ್ಲೂ ಕೊಂಕಿಲ್ಲ, ಗೋಡೆ ನೆಟ್ಟಗೆ, ತಳ ಕನ್ನಡಿಯಂತೆ. ಇಷ್ಟು ಚೆಂದದ ಗೂಡು ತಾನು ಯಾವ ಬಾಗಿಲಿಗೂ ತೋಡಿಲ್ಲ ಎನ್ನಿಸಿತು ಅವನಿಗೆ.

ಗುರುವಾರ ಹನ್ನೊಂದಕ್ಕೆ ಪಾರ್ಸೆಲ್ ಬಂತು. ಪುಟ್ಟಿ ಅಂಗಡಿ ಮುಚ್ಚಿ ಓಡಿ ಬಂದಳು. ರಟ್ಟು ಹರಿದು ಕತ್ತು ಹೊರಗೆ ತೆಗೆದು ಮೇಸ್ತ್ರಿ ಅದರ ಬುಡವನ್ನು ಗೂಡಿಗೆ ಇಟ್ಟ. ಇಟ್ಟದ್ದೇ ತಡ, ಅದು ಹಳೇ ಹಲ್ಲಿನ ಹಾಗೆ ಆ ಕಡೆ ಈ ಕಡೆ ಅಲ್ಲಾಡಿತು.

ಮೇಸ್ತ್ರಿ ಟೇಪು ಹಿಡಿದ. ಮತ್ತೆ ಹಿಡಿದ. ಕನ್ನಡಕ ಒರೆಸಿಕೊಂಡು ಮೂರನೇ ಸಲ ಹಿಡಿದ.

“ಎರಡು ನೂಲು ಹೆಚ್ಚು ಅಂದ್ಯಲ್ಲ?”

“ಹೌದು, ಹೆಚ್ಚೇ ಇದೆ. ನೋಡು, ಹಳೇದಕ್ಕಿಂತ ದಾರದಷ್ಟು.”

“ದಾರ ಎಲ್ಲಿಂದ ಬಂತು ಮಧ್ಯ? ನೂಲು ಅಂದೆ ನೀನು!”

“ನೂಲು ಅಂದ್ರೆ ದಾರ ಅಲ್ದೆ ಇನ್ನೇನು?”

“ಇಂಚಿನಲ್ಲಿ ಎಂಟನೇ ಒಂದು ಭಾಗ ಕಣೇ! ಲೋಕಕ್ಕೆಲ್ಲ ಗೊತ್ತಿರೋ ಲೆಕ್ಕ!”

“ಯಾವ ಲೋಕಕ್ಕೆ? ಮುಂಜಾನೆಯಿಂದ ಸಂಜೆ ತನಕ ನೂಲು ಹಿಡಿಯೋಳು ನಾನು. ನನಗೆ ಗೊತ್ತಿಲ್ವಾ ನೂಲು ಎಷ್ಟು ದಪ್ಪ ಅಂತ?”

“ಹಾಗಾದ್ರೆ ಜನ ನನ್ನ ನೂಲು ಮೇಸ್ತ್ರಿ ಅಂತಾರಲ್ಲ, ಅದು ಯಾಕೆ ಅಂದ್ಕೊಂಡಿದೀಯ?”

ಪುಟ್ಟಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತಡೆದು ತಡೆದು ಹೇಳಿದಳು.

“ನೀನು... ಸಣಕಲು ಅಂತ ಅಲ್ವಾ?”

ಊಟದ ಡಬ್ಬಿ ತಂದಿದ್ದ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲೇ ನಿಂತು ಇಷ್ಟನ್ನೂ ಕೇಳಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ ನೋಡುವ ಹೆಂಗಸು, ಬಾಯಿ ಸ್ವಲ್ಪ ಉದ್ದ.

“ನಾನೂ ಹಾಗೇ ಅಂದ್ಕೊಂಡಿದ್ದೆ ಕಣ್ರೀ. ಬೀದಿಯವರೆಲ್ಲಾ ಹಾಗೇ ಅಂದ್ಕೊಂಡಿದಾರೆ. ಅಲ್ಲಾ, ಒಂದೇ ಹೊಟ್ಟೇಲಿ ಹುಟ್ಟಿದೋರು, ಒಂದು ನೂಲಿಗೆ ಇಬ್ಬರಿಗೂ ಒಂದೇ ಅರ್ಥ ಇಲ್ವಲ್ಲ!”

ಬಾಗಿಲು ಬಿದ್ದ ದಿನ ಆದ ನೋವು ಒಂದು ತೂಕ, ಇದು ಇನ್ನೊಂದು ತೂಕ. ಮೂವತ್ತೆಂಟು ವರ್ಷ ಬಿರುದು ಅಂದುಕೊಂಡು ಹೊತ್ತದ್ದು ಅಣಕವಾಗಿತ್ತು. ಅದೂ ಸಾಲದೆಂದು, ತೆಗೆದ ಮರ ಮತ್ತೆ ಬರುವುದಿಲ್ಲ. ಕಾಲು ಇಂಚು ಖಾಲಿ ಜಾಗ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿತ್ತು. ಅದನ್ನು ಮುಚ್ಚಲು ದಾರಿ ಒಂದೇ, ಮತ್ತು ಆ ದಾರಿಯ ಹೆಸರು ಅವನ ಬಾಯಿಂದ ಹೊರಡಲಿಲ್ಲ. ಹೆಂಡತಿಯೇ ಹೇಳಿದಳು.

“ಬೆಣೆ ಹಾಕ್ರಿ ಅತ್ಲಾಗೆ.”

ಅವನು ಅನ್ನ ಮುಟ್ಟಲಿಲ್ಲ. ಮಧ್ಯಾಹ್ನವೆಲ್ಲ ಗಟ್ಟಿ ಮರದ ಎರಡು ಪಟ್ಟಿ ಸೀಳಿ, ಕೀಸಿ, ಉಪ್ಪು ಕಾಗದ ಹಾಕಿ ಉಜ್ಜಿದ. ಒಂದು ದಪ್ಪವಾಯಿತು. ಇನ್ನೊಂದು ತೆಳ್ಳಗಾಯಿತು. ಎರಡೂ ಸರಿಯಾದಾಗ ಕತ್ತು ಎಡಕ್ಕೆ ವಾಲಿತು. ಬಿಚ್ಚಿದ, ಬಲಗಡೆಯದನ್ನು ಉಜ್ಜಿದ, ಬಲಕ್ಕೆ ವಾಲಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಈ ಕತ್ತಿಗೂ ಆ ಮೈಗೂ ಅಂಥದೇ ಹೊಂದಾಣಿಕೆ. ಸ್ಕ್ರೂಗಳ ಕಥೆ ಕೇಳಲೇಬೇಡಿ. ಮೈಯಲ್ಲಿದ್ದ ನಾಲ್ಕು ತೂತಿಗೆ ಕತ್ತಿನ ನಾಲ್ಕು ತೂತಿನಲ್ಲಿ ಒಂದಾದರೂ ಎದುರು ಬರಬೇಡವೇ? ಹಳೇ ತೂತಿಗೆಲ್ಲ ಮರದ ಗೂಟ ತುಂಬಿ ಅಂಟು ಹಾಕಿ, ಒಣಗಲು ಬಿಟ್ಟು, ಶುಕ್ರವಾರ ಬೆಳಿಗ್ಗೆ ಹೊಸದಾಗಿ ಡ್ರಿಲ್ಲು ಹಾಕಿದ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕತ್ತು ಕೂತಿತು. ಕಲ್ಲಿನ ಹಾಗೆ ಕೂತಿತು. ಎರಡೂ ಬದಿಗೆ ಬೇರೆ ಬಣ್ಣದ ಪಟ್ಟಿ ಎದ್ದು ಕಾಣುತ್ತಿತ್ತು ನಿಜ, ಅದು ಕಂಡಾಗೆಲ್ಲ ಅವನು ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದ. ಆದರೂ ಎತ್ತಿ ಹಿಡಿದು ಜಗ್ಗಿದರೆ ಮಿಸುಕುತ್ತಿರಲಿಲ್ಲ. ತಂಗಿಗೆ ಹೇಳಿಕಳಿಸಿದ.

ಪುಟ್ಟಿ ನಾಲ್ಕು ತಂತಿ ಕಟ್ಟಿ, ಶ್ರುತಿ ನೋಡುವ ಪುಟ್ಟ ಪೆಟ್ಟಿಗೆ ಸಿಕ್ಕಿಸಿ, ಬಿರಡೆ ತಿರುವಿ ಶ್ರುತಿ ಮಾಡಿದಳು. ತಂತಿ ಮೀಟಿದಳು. ಮುಖ ಅರಳಿತು. ಆಮೇಲೆ ಕತ್ತಿನ ಮೇಲೆ ಸಾಲಾಗಿರುವ ಲೋಹದ ಗೆರೆಗಳ, ಅದೇ ಫ್ರೆಟ್ಟುಗಳ, ನಡುವೆ ಬೆರಳೊತ್ತಿ ಮೇಲೆ ಮೇಲೆ ಹೋದಳು. ಹೋದಹಾಗೆಲ್ಲ ಅರಳಿದ ಮುಖ ಮುದುಡುತ್ತ ಬಂತು.

“ಅಪಶ್ರುತಿ.”

“ಏನು ಅಪಶ್ರುತಿ? ಈಗ ಸರಿ ಇತ್ತಲ್ಲ?”

“ಬೆರಳು ಇಡದೆ ಮೀಟಿದ್ರೆ ಸರಿ. ಮೇಲೆ ಹೋದಷ್ಟೂ ಸ್ವರ ಕೆಳಗೆ ಬೀಳ್ತಿದೆ. ಕೇಳು.”

ಅವಳು ನುಡಿಸಿ ತೋರಿಸಿದಳು. ಅವನಿಗೆ ಮೊದಲನೆಯದೂ ಗುಂಯ್, ಎರಡನೆಯದೂ ಗುಂಯ್. ಎರಡು ದಿನ ಸರಿಯಾಗಿ ಊಟ ಮಾಡದವನ ನಾಲಿಗೆ ತಡೆಯಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಪುಟ್ಟಿ ಪೆಟ್ಟಿಗೆಯ ಮುಳ್ಳು ತೋರಿಸಿದಳು. ಕಿವಿ ಇಲ್ಲದವನಿಗೂ ಕಣ್ಣಿತ್ತು. ಮುಳ್ಳು ನಡುವಿನ ಗೆರೆಯಿಂದ ಎಡಕ್ಕೆ ಬಿದ್ದುಕೊಂಡಿತ್ತು. ಆಗ ಅವಳು ಹೇಳಿದಳು, ತಂತಿಯ ತಲೆಕಡೆಯಿಂದ ಹನ್ನೆರಡನೇ ಫ್ರೆಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ತಂತಿ ಬಂದು ಕೂರುವ ಬ್ರಿಡ್ಜಿಗೂ ಅಷ್ಟೇ ದೂರ ಇರಬೇಕು, ಸರಿಯಾಗಿ ಅರ್ಧಕ್ಕೆ ಅರ್ಧ. ಮೇಸ್ತ್ರಿ ಟೇಪು ಹಿಡಿದ. ಮೇಲಿನ ಅರ್ಧ ಹದಿನಾರು ಇಂಚು. ಕೆಳಗಿನ ಅರ್ಧ ಹದಿನೇಳು ಇಂಚು ಮೂರು ನೂಲು, ಅವನ ಲೆಕ್ಕದ ನೂಲು. ಹೊಸ ಕತ್ತು ಗಿಡ್ಡ ವಾದ್ಯದ್ದು, ಮೈ ಉದ್ದ ವಾದ್ಯದ್ದು.

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀನು?”

“ನೀನು ಕೇಳಿದ್ಯಾ? ನಾನು ಅಂಗಡಿಯೋನಿಗೆ ಅಗಲ ಕೇಳಿದೆ. ಉದ್ದ ಕೇಳ್ಬೇಕು ಅಂತ ನನಗೂ ಹೊಳೀಲಿಲ್ಲ.”

ಎರಡು ದಿನ ಅವನು ಸಂದಿಯನ್ನು ಮಾತ್ರ ಅಳೆದಿದ್ದ. ಬಾಗಿಲಾದರೆ ಅಷ್ಟು ಸಾಕು, ಚೌಕಟ್ಟಿಗೆ ಕೂತರೆ ಬಾಗಿಲು. ಇದು ಕೂತ ಮೇಲೆ ಮಾತಾಡಬೇಕಾದ ವಸ್ತು ಎಂಬುದು ಅವನ ತಲೆಗೆ ಬಂದಿರಲೇ ಇಲ್ಲ. ಬೆಣೆ ಬಡಿದು ಮಾನ ಕಳೆದುಕೊಂಡದ್ದೂ ದಂಡವಾಯಿತಲ್ಲ ಎಂದು ಅವನಿಗೆ ಅಳು ಬಂತು. ಐವತ್ತೈದು ವರ್ಷದ ಗಂಡಸು, ಮರದ ಹೊಟ್ಟಿನ ನಡುವೆ ನಿಂತು ಮೂಗು ಒರೆಸಿಕೊಂಡ.

ಇನ್ನು ಉಳಿದದ್ದು ಬ್ರಿಡ್ಜನ್ನೇ ಮುಂದಕ್ಕೆ ತರುವುದು. ಶನಿವಾರ ಬೆಳಿಗ್ಗೆ ಅದನ್ನು ಬಿಚ್ಚಿ ಒಂದು ಇಂಚು ಮೂರು ನೂಲು ಮುಂದೆ ತಂದು, ವಾದ್ಯದ ಹೊಳೆಯುವ ಕೆಂಪು ಬಣ್ಣದ ಎದೆಗೆ ಐದು ಹೊಸ ತೂತು ಹಾಕಿದ. ಹಳೇ ಐದು ತೂತು, ಅದರ ಸುತ್ತ ಬಣ್ಣ ಮಾಸದ ಚೌಕ, ಎಲ್ಲ ಹಾಗೇ ಕಾಣುತ್ತ ಉಳಿದವು. ಮುಚ್ಚಲು ಹೊತ್ತಿರಲಿಲ್ಲ. ಪುಟ್ಟಿ ಬಂದು ತಂತಿ ಬಿಗಿದು ನೋಡಿದಳು. ಮುಳ್ಳು ನಡುವೆ ನಿಂತಿತು. ಮೇಲೆ ಹೋದರೂ ನಿಂತಿತು, ತುದಿಗೆ ಹೋದರೂ ನಿಂತಿತು. ಮೇಸ್ತ್ರಿ ಮೂರು ದಿನದಲ್ಲಿ ಮೊದಲ ಸಲ ಸ್ಟೂಲಿನ ಮೇಲೆ ಕೂತ.

“ಎಲ್ಲಿ, ಒಂದು ಹಾಡು ನುಡಿಸು.”

ಪುಟ್ಟಿ ಕಣ್ಣು ಮುಚ್ಚಿ ಶುರು ಮಾಡಿದಳು. ನಾಲ್ಕು ಸ್ವರಕ್ಕೆ ನಿಲ್ಲಿಸಿ ಲೊಚ್ ಅಂದಳು. ಮತ್ತೆ ಶುರು, ಮತ್ತೆ ಲೊಚ್. ಕಣ್ಣು ತೆರೆದು ತನ್ನ ಎಡಗೈ ನೋಡಿಕೊಂಡಳು, ಯಾರೋ ಬೇರೆಯವರ ಕೈ ನೋಡುವ ಹಾಗೆ.

“ಮತ್ತೆ ಏನಾಯ್ತೇ? ಮುಳ್ಳು ಸರಿ ತೋರಿಸ್ತಲ್ಲ!” ಮೇಸ್ತ್ರಿ ಎದ್ದು ನಿಂತ. “ಇನ್ನೂ ಎಲ್ಲಿ ಕೆಡ್ತು ಹೇಳು, ಇನ್ನೂ ಎಲ್ಲಿ ತೂತು ಹೊಡೀಲಿ ಹೇಳು!”

“ವಾದ್ಯ ಸರಿ ಇದೆ. ನನ್ನ ಕೈ ಸರಿ ಇಲ್ಲ.” ಅವಳು ಎಡಗೈ ಮುಂದೆ ಚಾಚಿದಳು. “ಫ್ರೆಟ್ಟು ಎಲ್ಲ ಹತ್ತಿರ ಹತ್ತಿರ ಬಂದಿದೆ. ನನ್ನ ಬೆರಳು ಹಳೇ ಜಾಗಕ್ಕೇ ಹೋಗ್ತಿದೆ. ಹತ್ತೊಂಬತ್ತು ವರ್ಷದಿಂದ ಕಣ್ಣು ಮುಚ್ಕೊಂಡು ಹೋದ ಜಾಗ, ಅದು ಈಗ ಅಲ್ಲಿಲ್ಲ!”

ಕತ್ತನ್ನೂ ಮೈಯನ್ನೂ ಹೊಂದಿಸಿದ್ದಾಯಿತು. ಮೂರನೆಯದೊಂದು ಇತ್ತು ಎಂದು ಇಬ್ಬರಿಗೂ ತೋಚಿರಲಿಲ್ಲ. ಆಗ ಪುಟ್ಟಿಯ ಬಾಯಿ ಬಿಚ್ಚಿಕೊಂಡಿತು.

“ಸೋಮವಾರದಿಂದ ಹೋಗ್ಲಿ ಬಿಡು, ಹೋಗ್ಲಿ ಬಿಡು ಅಂತ ನುಂಗ್ಕೊಂಡಿದೀನಿ. ಎಲ್ಲಿಗೆ ಹೋಗ್ಲಿ? ಅಷ್ಟು ದೊಡ್ಡ ಬಾಗಿಲಿಗೆ ಒಂದು ಕಟ್ಟು ಹಾಕಿ ನಿಲ್ಲಿಸೋಕೆ ಆಗ್ಲಿಲ್ವಾ ನಿನಗೆ? ಬೇರೆಯವರ ಕಿಟಕಿ ಆಗಿದ್ರೆ ಹಾಕ್ತಿದ್ದೆ. ಇದು ಪುಟ್ಟಿದಲ್ವಾ, ಆಟದ ಸಾಮಾನಲ್ವಾ! ಆ ಹೋಟ್ಲು ಇರೋದು ಎಲ್ಲಿ ಅಂತನಾದ್ರೂ ಗೊತ್ತಾ ನಿನಗೆ? ಒಂದು ಭಾನುವಾರ ಬಂದು ಕೂತಿದ್ಯಾ? ಆರು ದಿನ ಯಾರ್ಯಾರದೋ ಸೊಂಟ ಸಡಿಲ ಮಾಡ್ತೀನಲ್ಲ, ಆ ಮೂರು ಗಂಟೆಗೋಸ್ಕರ ಮಾಡ್ತೀನಿ ಅಣ್ಣ. ನಾಳೆ ಅದೂ ಇರಲ್ಲ.”

ವಾರವಿಡೀ ಬೈಗುಳಕ್ಕೆ ಕಾದಿದ್ದ ಮೇಸ್ತ್ರಿ, ಬಂದಾಗ ಹಗುರಾಗುತ್ತೇನೆ ಅಂದುಕೊಂಡಿದ್ದ. ಹಗುರಾಗಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿದ್ದರೆ ತಾನೇ ಹಗುರಾಗುವುದು.

ಬೈದು ಮುಗಿಸಿ ಪುಟ್ಟಿ ಎದ್ದು ಹೋಗಲಿಲ್ಲ. ಹಲಗೆಯ ಮೇಲೆ ಕೂತು, ಕಣ್ಣೀರು ತೋಳಿಗೆ ಒರೆಸಿ, ಅದೇ ನಾಲ್ಕು ಸ್ವರ ಹಿಡಿದಳು. ಕಣ್ಣು ಬಿಟ್ಟು ಹತ್ತು ಸಲ, ಮುಚ್ಚಿ ಹತ್ತು ಸಲ. ತಪ್ಪಿದಾಗ ಲೊಚ್. ಆಮೇಲೆ ಮುಂದಿನ ನಾಲ್ಕು. ಮೇಸ್ತ್ರಿ ಒಂದು ಕಿಟಕಿಯ ಚೌಕಟ್ಟು ಎತ್ತಿಕೊಂಡ, ಕೈ ಓಡಲಿಲ್ಲ, ಕೆಳಗಿಟ್ಟ. ಅದೇ ಗುಂಯ್ ಗುಂಯ್ ಕೇಳಿ ಕೇಳಿ ಅವನ ತಲೆ ಚಿಟ್ಟು ಹಿಡಿಯಿತು. ಎದ್ದು ಹೊರಗೆ ಹೋಗಬಹುದಿತ್ತು, ಹೋಗುವ ಮುಖ ಇರಲಿಲ್ಲ. ನಾಲ್ಕೂವರೆ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಪುಟ್ಟಿ ಲೊಚ್ ಅನ್ನುವ ಮೊದಲೇ ಅವನ ಹಲ್ಲು ಜುಮ್ಮೆಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೇ ಆಯಿತು. ಉಳಿ ಗೆರೆ ದಾಟಿದಾಗ ಆಗುತ್ತಿತ್ತಲ್ಲ, ಆ ಜುಮ್ಮು. ಅವನು ಯಾರಿಗೂ ಹೇಳಲಿಲ್ಲ. ಕತ್ತಲಾಗುವ ಹೊತ್ತಿಗೆ ಪುಟ್ಟಿ ವಾದ್ಯ ಹೆಗಲಿಗೇರಿಸಿ, ಹೋಗಿ ಬರುತ್ತೇನೆ ಅಂತಲೂ ಅನ್ನದೆ ಹೋದಳು.

ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದನ್ನು ನೋಡಿ ಹೆಂಡತಿ ಕೇಳಿದಳು, “ಎಲ್ಲಿಗ್ರೀ ಸವಾರಿ?”

“ಕುಣಿಯೋಕೆ.”

“ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ,” ಅಂದಳು ಅವಳು. ಆದರೂ ಅವನ ಕಾಲರು ಸರಿ ಮಾಡಿದಳು.

ಹಾಲ್ ಉದ್ದಕ್ಕಿತ್ತು. ನೆಲಕ್ಕೆ ನುಣುಪಾದ ಹಲಗೆ, ಹಲಗೆ ಸಂದಿಗಳು ಪರವಾಗಿಲ್ಲ. ಗೋಡೆಯ ಅಂಚಿಗೆ ಕುರ್ಚಿಗಳ ಸಾಲು, ಮೂಲೆಯಲ್ಲಿ ಚಹಾದ ಮೇಜು. ಮೇಸ್ತ್ರಿ ಹಿಂದೆ ಹೋಗಿ ಕೂತ. ವೇದಿಕೆಯ ಬಲಕ್ಕೆ ಪುಟ್ಟಿ, ಕಪ್ಪು ಉಡುಪು, ಕೆಂಪು ವಾದ್ಯ. ಅಷ್ಟು ದೂರದಿಂದಲೂ ಬೆಣೆಯ ಎರಡು ಬಿಳಿ ಪಟ್ಟಿ, ವಾದ್ಯದ ಎದೆಯ ಮೇಲಿನ ಐದು ತೂತು ಅವನ ಕಣ್ಣಿಗೆ ಚುಚ್ಚಿದವು. ಎಡಗಡೆ ಕೀಬೋರ್ಡಿನವನು, ಬಲಗೈ ಕಪ್ಪು ಬಿಳಿ ಮನೆಗಳ ಮೇಲೆ, ಎಡಗೈ ಅಂಚಿನಲ್ಲಿ ಕಾಯುತ್ತ ಇತ್ತು.

ಮೊದಲ ಹಾಡಿನಲ್ಲೇ ಮೇಸ್ತ್ರಿಯ ಹಲ್ಲು ಜುಮ್ಮೆಂದಿತು. ಒಮ್ಮೆ, ಎರಡು ಸಲ. “ಅಯ್ಯೋ!” ಎಂದ ಅವನು, ಗಟ್ಟಿಯಾಗಿಯೇ. ಸ್ಯಾಕ್ಸೊಫೋನಿನವನು ಊದುತ್ತಲೇ ಹೊರಳಿ ಪುಟ್ಟಿಯನ್ನು ನೋಡಿದ. ಕೀಬೋರ್ಡಿನವನ ಎಡಗೈ ಮೆಲ್ಲಗೆ ತಗ್ಗು ಸ್ವರದ ಮನೆಗಳಿಗೆ ಇಳಿಯಿತು. ಕಳ್ಳ ಬೆಕ್ಕು ಅಡುಗೆಮನೆಗೆ ನುಗ್ಗುವುದೂ ಹಾಗೇ. ಮೇಸ್ತ್ರಿ ಕುರ್ಚಿಯ ಕೈ ಹಿಡಿದುಕೊಂಡ. ಎದ್ದು ಹೋಗಿ ಆ ಕೈಗೆ ಅಡಿಕೋಲಿನಲ್ಲಿ ಒಂದು ಕೊಡಬೇಕು ಅನ್ನಿಸಿತು. ಎರಡನೇ ಹಾಡಿಗೆ ಪುಟ್ಟಿ ನಾಚಿಕೆ ಬಿಟ್ಟು ತಲೆ ತಗ್ಗಿಸಿ ತನ್ನ ಬೆರಳನ್ನೇ ನೋಡುತ್ತ ನುಡಿಸಿದಳು, ಮೂರು ಸ್ವರ ನುಡಿಸುವಲ್ಲಿ ಒಂದೇ ನುಡಿಸಿದಳು, ನುಡಿಸಿದ್ದನ್ನು ತಪ್ಪದೆ ನುಡಿಸಿದಳು. ಮೂರನೆಯದಕ್ಕೆ ಎರಡಾಯಿತು. ಐದನೆಯದಕ್ಕೆ ತಲೆ ಎತ್ತಿದಳು. ಆಗ ಸ್ಯಾಕ್ಸೊಫೋನಿನವನು ಕೀಬೋರ್ಡಿನವನ ಕಡೆ ನೋಡಿ ಗದ್ದ ಆಡಿಸಿದ, ಸಾಕು ತೆಗಿ ಅನ್ನುವ ಹಾಗೆ. ಎಡಗೈ ಎದ್ದು ಅವನ ಮಂಡಿಯ ಮೇಲೆ ಹೋಗಿ ಕೂತಿತು.

ವಿರಾಮದಲ್ಲಿ ಪುಟ್ಟಿ ಎರಡು ಲೋಟ ಚಹಾ ಹಿಡಿದು ಬಂದಳು. ಬೆರಳ ತುದಿ ಕೆಂಪಗೆ ಊದಿತ್ತು.

“ಮುಂದಿನ ವಾರ ಅರ್ಧ ಗಂಟೆ ಬೇಗ ಬಾ ಅಂದ್ರು. ಹೊಸ ಹಾಡಿದೆಯಂತೆ.” ಅಷ್ಟು ಹೇಳಿ ಅವನ ಪಕ್ಕದ ಗೋಡೆ ನೋಡಿದಳು. “ಅಯ್ಯೋ ಅಂದಿದ್ದು ನೀನಾ?”

“ನೀನು ತಪ್ಪಿದೆ.”

“ತಪ್ಪಿದೆ,” ಅಂದಳು ಪುಟ್ಟಿ. ನಗಲಿಲ್ಲ. ಆದರೆ ಚಹಾ ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.

ಮತ್ತೆ ಬ್ಯಾಂಡು ಶುರುವಾಯಿತು. ಈಗ ಮೇಸ್ತ್ರಿಗೆ ಬೇಡವೆಂದರೂ ಕೇಳಿಸುತ್ತಿತ್ತು. ಸ್ಯಾಕ್ಸೊಫೋನಿನ ಅಬ್ಬರದ ಕೆಳಗೆ, ಕೀಬೋರ್ಡಿನ ಕೆಳಗೆ, ಅವಳು ಒಬ್ಬಳೇ ನಡೆಯುತ್ತಿದ್ದಳು, ಅವಸರವಿಲ್ಲದೆ, ಒಂದೊಂದೇ ಹೆಜ್ಜೆ. ಚಿಕ್ಕಂದಿನಲ್ಲಿ ಅವಳು ಮೆಟ್ಟಿಲು ಹತ್ತಿ ಬರುವಾಗ ನೋಡದೆಯೇ ಪುಟ್ಟಿ ಬಂದಳು ಅನ್ನುತ್ತಿದ್ದನಲ್ಲ, ಆ ನಡಿಗೆಯೇ ಇದು. ಇಷ್ಟು ವರ್ಷ ಇದನ್ನು ಕೇಳದೆ ಮನೆಯಲ್ಲಿ ಬಿದ್ದು ನಿದ್ದೆ ಹೊಡೆದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಪಕ್ಕದ ಕುರ್ಚಿಗೆ ಒಬ್ಬ ಹಿರಿಯ ಹೆಂಗಸು ಬಂದು ಕೂತು, ಒಂದು ಷೂ ಕಳಚಿ ಹಿಮ್ಮಡಿ ಒತ್ತಿಕೊಂಡಳು.

“ಹೊಸಬರಾ? ನಿಮ್ಮವರು ಯಾರಾದ್ರೂ ಇದಾರಾ ಬ್ಯಾಂಡಲ್ಲಿ?”

“ಬಲಗಡೆ ನಿಂತಿರೋಳು ನನ್ನ ತಂಗಿ.”

“ಓ, ಅವರಾ! ವರ್ಷಗಟ್ಟಲೆಯಿಂದ ನೋಡ್ತಿದೀನಿ. ಪಾಪ, ಅಷ್ಟು ಹೊತ್ತು ಸುಮ್ಮನೆ ನಿಂತಿರ್ತಾರೆ ಅಲ್ವಾ? ಅವರು ಏನು ನುಡಿಸ್ತಾರೋ, ಒಂದು ದಿನನೂ ಕೇಳಿಸಿಲ್ಲ ನನಗೆ.”

ಮೇಸ್ತ್ರಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು.

“ಕೇಳಿಸಲ್ವಾ? ಮತ್ತೆ ನೀವೆಲ್ಲಾ ಯಾವುದಕ್ಕೆ ಕುಣೀತಿದೀರಿ ಅಂದ್ಕೊಂಡಿದೀರಿ? ಕೇಳಿ, ಈಗ ಕೇಳಿ... ಇದು. ಇದು. ಈಗ ಮತ್ತೆ, ಇದು!”

ಪುಟ್ಟಿಯ ಒಂದೊಂದು ಸ್ವರಕ್ಕೂ ಅವನು ಕುರ್ಚಿಯ ಕೈ ಬಡಿದು ತೋರಿಸಿದ. ಆ ಹೆಂಗಸು ಒಳ್ಳೆಯವಳೇ, ತಲೆ ವಾರೆ ಮಾಡಿ ನಿಜವಾಗಿಯೂ ಕೇಳಲು ನೋಡಿದಳು.

“ಇಲ್ಲಪ್ಪ. ನನಗೆ ಪೀಪಿ ಒಂದೇ ಕೇಳಿಸ್ತಿರೋದು.”

ಅಷ್ಟು ಹೇಳಿ ಷೂ ಹಾಕಿಕೊಂಡು ಗಂಡನ ಕೈ ಹಿಡಿದು ಮತ್ತೆ ಕುಣಿಯಲು ಹೋದಳು. ಅವಳ ಕಾಲು ಪುಟ್ಟಿಯ ತಂತಿ ಹೇಳಿದ ಕಡೆಗೇ ಬೀಳುತ್ತಿತ್ತು. ಮೇಸ್ತ್ರಿ ಅವಳನ್ನು ಕೂಗಿ ನಿಲ್ಲಿಸಿ ಜಗಳ ತೆಗೆಯುವಷ್ಟು ಸಿಟ್ಟಿನಲ್ಲಿ ಅರ್ಧ ಎದ್ದ. ಎದ್ದವನು ಹಾಗೇ ಕೂತ. ಯಾವ ಬಾಯಲ್ಲಿ ಜಗಳ ತೆಗೆಯುವುದು? ಆ ಹೆಂಗಸು ಇವತ್ತು ಒಂದು ಸಲ, ಪಾಪ ಅಂತ ಸೇರಿಸಿ ಆಡಿದ, ಸುಮ್ಮನೆ ನಿಂತಿರ್ತಾರೆ ಅನ್ನುವ ಮಾತನ್ನು ಅವನು ಈ ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಲ ಆಡಿದ್ದ, ನಗುತ್ತ, ಊಟಕ್ಕೆ ಕೂತಾಗ, ಪುಟ್ಟಿಯ ಎದುರಿಗೇ.